ಗೋದಾವರಿಯ ದಂಡೆಯಲ್ಲಿ ನಾಲ್ಕು ದಿನ: ನಾಸಿಕ್, ಎಲ್ಲೋರ, ದೇವಗಿರಿ

ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಾಸಿಕ್‌ಗೆ ಒಮ್ಮೆಯೂ ಹೋಗದವರು ವಿರಳ. ಶನಿವಾರ ನಸುಕಿನಲ್ಲಿ ಹೊರಟು, ತ್ರ್ಯಂಬಕೇಶ್ವರನ ದರ್ಶನ ಮುಗಿಸಿ, ಸಂಜೆಯ ಹೊತ್ತಿಗೆ ಶಿರಡಿ ಸೇರಿ, ಮರುದಿನ ಶನಿ ಶಿಂಗಣಾಪುರವನ್ನೂ ಕಂಡು ರಾತ್ರಿಯೊಳಗೆ ಮನೆಗೆ ಮರಳುವುದು ನಮ್ಮವರ ವಾಡಿಕೆ. ಊರಿನಿಂದ ಬಂದ ಅತ್ತೆ, ಮಾವ, ಚಿಕ್ಕಮ್ಮಂದಿರನ್ನು ಕರೆದೊಯ್ಯುವ ದಾರಿಯೂ ಇದೇ. ದೇವರ ದರ್ಶನವಾಗುತ್ತದೆ, ನಿಜ. ಆದರೆ ಇನ್ನೆರಡು ದಿನ ರಜೆ ಹಾಕಿ ಗೋದಾವರಿಯ ಜಾಡು ಹಿಡಿದು ಪೂರ್ವಕ್ಕೆ ನಡೆದರೆ, ಕನ್ನಡದ ಅತ್ಯಂತ ಹಳೆಯ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಕಲ್ಲಿನಲ್ಲಿ ತೆರೆದುಕೊಂಡಿರುವುದು ಕಾಣಸಿಗುತ್ತದೆ. ಅದನ್ನು ಬಿಟ್ಟು ಬರುವುದು ನಷ್ಟವೇ ಸರಿ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಕನ್ನಡ ನಾಡಿನ ದಕ್ಷಿಣದ ಎಲ್ಲೆಯಾಗಿ ಕಾವೇರಿಯನ್ನೂ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನೂ ಅದು ಹೆಸರಿಸುತ್ತದೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದವರು ನಮ್ಮ ತಲೆಮಾರಿನವರು. ಮಹಾರಾಷ್ಟ್ರದ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳು ಎಲ್ಲೋರದ ಕೈಲಾಸವನ್ನು ಕಡೆಸಿದವರು ರಾಷ್ಟ್ರಕೂಟರು ಎಂದು ತಪ್ಪಿಲ್ಲದೆ ಹೇಳುತ್ತಾರೆ. ಆ ರಾಷ್ಟ್ರಕೂಟರಿಗೂ ಮನೆಯಲ್ಲಿ ಅಜ್ಜಿ ಆಡುವ ಮಾತಿಗೂ ಏನು ನಂಟು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಅಲ್ಲಿಯ ಮಾರ್ಗದರ್ಶಕರೂ ಅದನ್ನು ಹೇಳುವುದಿಲ್ಲ. ಅವರಿಗೆ ಹೇಳಬೇಕಾದ ಕಾರಣವೂ ಇಲ್ಲ. ಹೇಳಬೇಕಾದವರು ಜೊತೆಗೆ ಹೋದ ತಂದೆ ತಾಯಿಯರು. ಈ ಬರಹ ಮುಖ್ಯವಾಗಿ ಅವರಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಗಡಿವಿವಾದಕ್ಕೆ ಸಾಮಗ್ರಿ ಒದಗಿಸುವ ಲೇಖನವಲ್ಲ. ಸಾವಿರ ವರ್ಷಗಳ ಹಿಂದಿನ ಅರಸರಿಗೆ ಇಂದಿನ ರಾಜ್ಯಗಳ ಗೆರೆಗಳು ಗೊತ್ತಿರಲಿಲ್ಲ. ಅದೇ ಗೋದಾವರಿಯ ದಂಡೆ ಮರಾಠಿಗೂ ತವರು. ಜ್ಞಾನೇಶ್ವರ, ಏಕನಾಥರ ನೆಲ. ಎರಡು ನುಡಿಗಳು ಒಂದೇ ಅಂಗಳದಲ್ಲಿ ಆಡಿ ಬೆಳೆದದ್ದನ್ನು ನೋಡಲು ಹೋಗುವುದೇ ಈ ಪ್ರವಾಸದ ಸೊಗಸು.

ನಾಸಿಕ್: ಪಂಚವಟಿಯಿಂದ ಆರಂಭ

ಮುಂಬಯಿಯಿಂದ ನಾಸಿಕ್ ಸುಮಾರು 170 ಕಿಲೋಮೀಟರು. ರೈಲಿನಲ್ಲಿ ಹೋಗುವವರು ಇಳಿಯಬೇಕಾದದ್ದು ನಾಸಿಕ್ ರೋಡ್ ನಿಲ್ದಾಣದಲ್ಲಿ. ಊರು ಅಲ್ಲಿಂದ ಒಂಬತ್ತು ಹತ್ತು ಕಿಲೋಮೀಟರು ದೂರ. ಬ್ಯಾಂಕಿನವರಿಗೆ ಈ ನಿಲ್ದಾಣದ ಹೆಸರು ಕೇಳಿದೊಡನೆ ನೆನಪಾಗುವುದು ನೋಟು ಮುದ್ರಣಾಲಯ. 1925ರಲ್ಲಿ ಇಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಸ್ಥಾಪನೆಯಾಯಿತು. 1928ರಿಂದ ಭಾರತದ ನೋಟುಗಳು ಭಾರತದಲ್ಲೇ ಅಚ್ಚಾಗತೊಡಗಿದ್ದು ಇಲ್ಲಿ. ಒಳಗೆ ಪ್ರವೇಶವಿಲ್ಲವೆನ್ನಿ. ಆದರೂ ಕಿಸೆಯಿಂದ ಒಂದು ನೋಟು ತೆಗೆದು ಮಕ್ಕಳಿಗೆ ತೋರಿಸಬಹುದು: ಹಿಂಬದಿಯ ಭಾಷಾಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಗೋದಾವರಿಯ ಈ ಊರಿನಲ್ಲಿ ಕನ್ನಡ ಅಕ್ಷರ ಇಂದಿಗೂ ಅಚ್ಚಾಗುತ್ತಲೇ ಇದೆ!

ನದಿಯ ಎಡದಂಡೆಯ ಪಂಚವಟಿ ಭಾಗವೇ ಯಾತ್ರಿಕರ ನಾಸಿಕ್. ರಾಮಕುಂಡ, ಸೀತಾಗುಂಫಾ, ಕಾಳಾರಾಮ ಮಂದಿರ ಎಲ್ಲವೂ ನಡಿಗೆಯ ಅಳತೆಯಲ್ಲಿವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರಿಗೆ ಪಂಚವಟಿ ಎಂಬ ಹೆಸರು ಮೊದಲು ಕಿವಿಗೆ ಬಿದ್ದದ್ದು ಬಹುಶಃ ಚೆಂಡೆಯ ಸದ್ದಿನ ಜೊತೆಗೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ 'ಪಂಚವಟಿ'ಯೂ ಒಂದು. ಶೂರ್ಪನಖಿಯ ಮೂಗು, ಅಂದರೆ ನಾಸಿಕ, ಕೊಯ್ದ ಸ್ಥಳವಾದುದರಿಂದ ಊರಿಗೆ ಈ ಹೆಸರು ಎಂಬುದು ಸ್ಥಳಪುರಾಣ. ರಂಗಸ್ಥಳದಲ್ಲಿ ಕಂಡ ಪಂಚವಟಿಯ ಕಾಡು ಇಲ್ಲಿಲ್ಲ. ಇಕ್ಕಟ್ಟಾದ ಗಲ್ಲಿಗಳು, ಹಿತ್ತಾಳೆಯ ಅಂಗಡಿಗಳು, ರಿಕ್ಷಾಗಳು. ನದಿಯ ಪಾತ್ರದಲ್ಲೇ ನಿಂತ ದುತೋಂಡ್ಯಾ ಮಾರುತಿಯ ದೊಡ್ಡ ವಿಗ್ರಹವನ್ನು ತಪ್ಪದೆ ನೋಡಬೇಕು. ಮಳೆಗಾಲದಲ್ಲಿ ನೀರು ಮಾರುತಿಯ ಮೊಣಕಾಲಿಗೆ ಬಂತೋ, ಸೊಂಟಕ್ಕೆ ಬಂತೋ, ಎದೆಗೆ ಬಂತೋ ಎಂದು ನೋಡಿ ನಾಸಿಕ್‌ನ ಜನ ಮಹಾಪೂರದ ಅಳತೆ ಹೇಳುತ್ತಾರೆ.

ಕಾಳಾರಾಮ ಮಂದಿರ ಕಪ್ಪು ಕಲ್ಲಿನದು, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಪೇಶ್ವೆಯವರ ಸರದಾರ ರಂಗರಾವ್ ಓಢೇಕರ್ ಕಟ್ಟಿಸಿದ್ದು. ಒಳಗಿನ ರಾಮನೂ ಕಪ್ಪು. ದರ್ಶನ ಮಾಡಿ ಹೊರಬರುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ದಲಿತರು ಈ ಬಾಗಿಲ ಮುಂದೆ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದರು. ಸತ್ಯಾಗ್ರಹ ವರ್ಷಗಳ ಕಾಲ ನಡೆದರೂ ಬಾಗಿಲು ತೆರೆಯಲಿಲ್ಲ. ಅದರ ಪರಿಣಾಮವನ್ನು ನಾವು ಮುಂದೆ ಯೇವಲೆಯ ದಾರಿಯಲ್ಲಿ ಕಾಣುತ್ತೇವೆ.

ಪಾಂಡವಲೇಣಿ: ಕಲ್ಲಿನಲ್ಲಿ ಕೊರೆದ ಠೇವಣಿ ರಸೀದಿ

ನಾಸಿಕ್‌ಗೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನೋಡದೆ ಬರುವ ಸ್ಥಳ ಪಾಂಡವಲೇಣಿ. ಊರಿನಿಂದ ಮುಂಬಯಿ ರಸ್ತೆಯಲ್ಲಿ ಸುಮಾರು ಎಂಟು ಕಿಲೋಮೀಟರು ಬಂದರೆ ಎಡಕ್ಕೆ ಒಂಟಿ ಗುಡ್ಡ; ಮೆಟ್ಟಿಲು ಹತ್ತಲು ಇಪ್ಪತ್ತು ನಿಮಿಷ ಸಾಕು. ಹೆಸರು ಪಾಂಡವರದಾದರೂ ಇಲ್ಲಿಯ 24 ಗುಹೆಗಳು ಮುಖ್ಯವಾಗಿ ಬೌದ್ಧ ಭಿಕ್ಷುಗಳ ವಸತಿಗಳು, ಸುಮಾರು ಎರಡು ಸಾವಿರ ವರ್ಷ ಹಳೆಯವು.

ಹತ್ತನೆಯ ಗುಹೆಯ ಶಾಸನ ಬ್ಯಾಂಕಿನಲ್ಲಿ ಜೀವನ ಸವೆಸಿದ ನನ್ನಂಥವನಿಗೆ ಎಷ್ಟು ಸಲ ಓದಿದರೂ ಸಾಲದು. ಕ್ಷಹರಾತ ಅರಸು ನಹಪಾಣನ ಅಳಿಯ ಉಷವದಾತ ಈ ಗುಹೆಯನ್ನು ಭಿಕ್ಷುಸಂಘಕ್ಕೆ ಕೊಟ್ಟು, ಅದರ ಖರ್ಚಿಗಾಗಿ ಮೂರು ಸಾವಿರ ಕಾರ್ಷಾಪಣಗಳನ್ನು ಪಕ್ಕದ ಗೋವರ್ಧನ ಪಟ್ಟಣದ ನೇಕಾರರ ಎರಡು ಶ್ರೇಣಿಗಳಲ್ಲಿ ಠೇವಣಿ ಇಟ್ಟ. ಎರಡು ಸಾವಿರ ಒಂದು ಶ್ರೇಣಿಯಲ್ಲಿ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಸಾವಿರ ಇನ್ನೊಂದರಲ್ಲಿ, ನೂರಕ್ಕೆ ಮುಕ್ಕಾಲು. ಅಸಲನ್ನು ಎಂದೂ ಹಿಂತೆಗೆಯುವಂತಿಲ್ಲ, ಬಡ್ಡಿ ಮಾತ್ರ ಬಳಕೆಗೆ. ಮೊದಲ ಠೇವಣಿಯ ಬಡ್ಡಿಯಿಂದ ಮಳೆಗಾಲದಲ್ಲಿ ಅಲ್ಲಿ ತಂಗುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ, ಬಟ್ಟೆಗಾಗಿ. ಲೆಕ್ಕ ಹಾಕಿ ನೋಡಿ: ಎರಡು ಸಾವಿರಕ್ಕೆ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ ಇನ್ನೂರ ನಲವತ್ತು, ಇಪ್ಪತ್ತು ಭಿಕ್ಷುಗಳಿಗೆ ಹನ್ನೆರಡರಂತೆ ಅದೇ ಇನ್ನೂರ ನಲವತ್ತು. ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ! ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ಕಡತದಲ್ಲಿ ದಾಖಲು ಮಾಡಲಾಗಿದೆ ಎಂದೂ ಶಾಸನ ಹೇಳುತ್ತದೆ. ಗ್ರಾಹಕ, ಠೇವಣಿ, ಬಡ್ಡಿದರ, ನೋಂದಣಿ ಎಲ್ಲವೂ ಗೋಡೆಯ ಮೇಲಿವೆ.

ಮೂರನೆಯ ಗುಹೆ ಶಾತವಾಹನರದು. ಗೌತಮೀಪುತ್ರ ಶಾತಕರ್ಣಿಯ ಹದಿನೆಂಟನೆಯ ಆಳ್ವಿಕೆಯ ವರ್ಷದ ಶಾಸನದಲ್ಲಿ 'ವೇಜಯಂತಿ'ಯ ಸೇನೆಯ ವಿಜಯ ಶಿಬಿರದ ಮಾತು ಬರುತ್ತದೆ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ಅರ್ಥೈಸಿರುವ ವಿದ್ವಾಂಸರಿದ್ದಾರೆ. ಪಂಪನಿಗೂ ಎಂಟು ನೂರು ವರ್ಷ ಮೊದಲು ಬನವಾಸಿಯ ಹೆಸರು ನಾಸಿಕ್‌ನ ಬಂಡೆಯ ಮೇಲೆ ಬಂದಿರುವ ಸಾಧ್ಯತೆ ಸಣ್ಣ ಸಂಗತಿಯಲ್ಲ. ಇದೇ ಗೌತಮೀಪುತ್ರ ನಹಪಾಣನನ್ನು ಸೋಲಿಸಿದವನು. ಅದಕ್ಕೆ ಸಾಕ್ಷಿ 1906ರಲ್ಲಿ ನಾಸಿಕ್ ಬಳಿಯ ಜೋಗಲಟೆಂಭಿಯಲ್ಲಿ ಸಿಕ್ಕ 13 ಸಾವಿರಕ್ಕೂ ಹೆಚ್ಚಿನ ಬೆಳ್ಳಿ ನಾಣ್ಯಗಳ ನಿಧಿ. ಎಲ್ಲವೂ ನಹಪಾಣನ ನಾಣ್ಯಗಳೇ; ಆದರೆ ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಗೆದ್ದವನು ತನ್ನ ಮುದ್ರೆಯನ್ನು ಮತ್ತೊಮ್ಮೆ ಒತ್ತಿಸಿದ್ದಾನೆ. ಹಳೆಯ ನೋಟು ರದ್ದುಮಾಡುವುದಕ್ಕಿಂತ ಇದು ಮಿತವ್ಯಯದ ದಾರಿ.

ನಾಣ್ಯಗಳಲ್ಲಿ ಆಸಕ್ತಿಯುಳ್ಳವರು ತ್ರ್ಯಂಬಕದ ರಸ್ತೆಯಲ್ಲಿ ಅಂಜನೇರಿಯ ಬಳಿ ಇಳಿಯಬೇಕು. ಅಲ್ಲಿ 1980ರಲ್ಲಿ ಆರಂಭವಾದ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆಯೂ ಅದರ ವಸ್ತುಸಂಗ್ರಹಾಲಯವೂ ಇವೆ. ಅಂಜನೇರಿ ಹನುಮಂತನ ಜನ್ಮಸ್ಥಳವೆಂದು ಇಲ್ಲಿಯವರು ನಂಬುತ್ತಾರೆ. ನಮಗೆ ಹಂಪೆಯ ಬಳಿಯ ಅಂಜನಾದ್ರಿ ಇದೆ. ವಾದಕ್ಕಿಳಿಯದೆ ಎರಡೂ ಕಡೆ ಕೈಮುಗಿಯುವುದು ಕ್ಷೇಮ.

ತ್ರ್ಯಂಬಕೇಶ್ವರದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಹೋಗಿ ಬಂದವರೇ ಹೆಚ್ಚು. ಈಗಿನ ದೇವಾಲಯವನ್ನು ಕಟ್ಟಿಸಿದವರು ನಾನಾಸಾಹೇಬ ಪೇಶ್ವೆ. ಹಿಂದಿನ ಬ್ರಹ್ಮಗಿರಿಯಲ್ಲಿ ಗೋದಾವರಿ ಹುಟ್ಟುತ್ತದೆ. ಅಲ್ಲಿಂದ ಬಂಗಾಳಕೊಲ್ಲಿಗೆ ಸುಮಾರು 1,465 ಕಿಲೋಮೀಟರು. ಸೋಮವಾರ, ಶ್ರಾವಣ ಮಾಸ ಮತ್ತು ದೀರ್ಘ ರಜೆಯ ದಿನಗಳಲ್ಲಿ ಸರತಿಯ ಸಾಲು ಗಂಟೆಗಟ್ಟಲೆ ಇರುತ್ತದೆ. ಸಿಂಹಸ್ಥ ಕುಂಭಮೇಳ ನಾಸಿಕ್ ಮತ್ತು ತ್ರ್ಯಂಬಕ ಎರಡೂ ಕಡೆ ಹನ್ನೆರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2015ರ ನಂತರದ ಸರದಿ 2027ರದು. ಆ ಅವಧಿಯಲ್ಲಿ ಸ್ನಾನದ ಉದ್ದೇಶವಿಲ್ಲದವರು ಈ ಪ್ರವಾಸವನ್ನು ಮುಂದೂಡುವುದೇ ಜಾಣತನ.

ಬೆಳಗಿನ ಮಿಸಳ್

ನಾಸಿಕ್‌ನವರಿಗೆ ಬೆಳಗಿನ ಉಪಾಹಾರವೆಂದರೆ ಮಿಸಳ್. ಮೊಳಕೆ ಬಂದ ಮಟಕಿ ಕಾಳಿನ ಉಸಳಿ, ಅದರ ಮೇಲೆ ಫರಸಾಣ, ಈರುಳ್ಳಿ, ಕೊತ್ತಂಬರಿ, ಮೇಲಿನಿಂದ ಮಸಾಲೆಯ ಬಿಸಿ ರಸ, ಜೊತೆಗೆ ಪಾವ್. ಮುಂಬಯಿಯಲ್ಲಿ ಸಿಗುವ ಮಿಸಳ್ ಇದರ ದೂರದ ಸೋದರಸಂಬಂಧಿ ಅಷ್ಟೇ. ಇಲ್ಲಿ ತಟ್ಟೆಯ ಪಕ್ಕದಲ್ಲಿ ಹಪ್ಪಳ, ಮೊಸರು ಬರುತ್ತವೆ. ಕೆಲವು ಕಡೆ ಜಿಲೇಬಿಯೂ ಬರುತ್ತದೆ. ರಸವನ್ನು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ, ಖಾರ ನೋಡಿಕೊಂಡು ಹಾಕಿಕೊಳ್ಳುವುದು ಮಕ್ಕಳಿರುವ ಕುಟುಂಬಗಳಿಗೆ ಒಳ್ಳೆಯದು. ಭಾನುವಾರ ಊರ ಹೊರಗಿನ ತೋಟಗಳ ನಡುವಿನ ಮಿಸಳ್ ಅಂಗಡಿಗಳಲ್ಲಿ ಜಾಗ ಸಿಗುವುದೇ ಕಷ್ಟ. ಮನೆಗೆ ಒಯ್ಯಲು ನಾಸಿಕ್‌ನ ಚಿವಡಾ ಇದೆ. ಜನವರಿಯಿಂದ ಮಾರ್ಚ್‌ವರೆಗೆ ದ್ರಾಕ್ಷಿ ಇದೆ. ಈಚಿನ ಇಪ್ಪತ್ತೈದು ವರ್ಷಗಳಲ್ಲಿ ನಾಸಿಕ್ ದ್ರಾಕ್ಷಾಮದ್ಯದ ಊರೆಂದೂ ಹೆಸರಾಗಿದೆ. ಕುಡಿಯದವರೂ ತೋಟಗಳನ್ನು ನೋಡಿ ಬರಬಹುದು; ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರ ಪರಿಚಯವಿದ್ದವರಿಗೆ ಹೋಲಿಸಿ ನೋಡಲು ಬೇಕಾದಷ್ಟಿದೆ.

ಸಂಜೆ ಸಮಯವಿದ್ದರೆ ಕುಸುಮಾಗ್ರಜ ಸ್ಮಾರಕಕ್ಕೆ ಹೋಗಬಹುದು. ವಿ. ವಾ. ಶಿರವಾಡ್ಕರ್ ಎಂಬ ಹೆಸರಿನ ಈ ಕವಿ ನಾಟಕಕಾರರಿಗೆ 1987ರ ಜ್ಞಾನಪೀಠ ಪ್ರಶಸ್ತಿ ಬಂದಿತ್ತು. ಅವರ ಜನ್ಮದಿನವಾದ ಫೆಬ್ರವರಿ 27ನ್ನು ಮರಾಠಿಗರು ತಮ್ಮ ಭಾಷಾದಿನವಾಗಿ ಆಚರಿಸುತ್ತಾರೆ. ಒಬ್ಬ ಕವಿಯ ಹುಟ್ಟುಹಬ್ಬವನ್ನು ಭಾಷೆಯ ಹಬ್ಬವಾಗಿಸಿದ್ದು ನಮಗೂ ಹಿಡಿಸಬೇಕಾದ ಪದ್ಧತಿ.

ದಾರಿಯಲ್ಲಿ: ಸಿನ್ನರ್ ಮತ್ತು ಯೇವಲೆ

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಸುಮಾರು ಇನ್ನೂರು ಕಿಲೋಮೀಟರು. 2025ರಲ್ಲಿ ಪೂರ್ಣವಾಗಿ ತೆರೆದ ಸಮೃದ್ಧಿ ಮಹಾಮಾರ್ಗದಲ್ಲಿ ಹೋದರೆ ಬೇಗ ತಲುಪಬಹುದು. ಆದರೆ ಹೆದ್ದಾರಿ ಹತ್ತುವ ಮೊದಲು ಸಿನ್ನರ್ ಊರೊಳಗೆ ಹೋಗಿ ಗೋಂದೇಶ್ವರ ದೇವಾಲಯವನ್ನು ನೋಡಬೇಕು. ನಡುವೆ ಶಿವನ ಗುಡಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಕಿರುಗುಡಿಗಳು, ಅಚ್ಚುಕಟ್ಟಾದ ಪಂಚಾಯತನ. ಸೇವುಣರ ಕಾಲದ ಈ ಗುಡಿಯಲ್ಲಿ ಹೆಚ್ಚು ಜನಸಂದಣಿ ಇರುವುದಿಲ್ಲ. ದೇವಗಿರಿಗೆ ಹೋಗುವ ಮೊದಲು ಸೇವುಣರು ನೆಲೆಸಿದ್ದ ಊರು ಇದೇ. ಅವರ ಮಾತು ಮುಂದೆ ಬರುತ್ತದೆ.

ಹಳೆಯ ರಸ್ತೆಯಲ್ಲಿ ಹೋಗುವವರಿಗೆ ಯೇವಲೆ ಸಿಗುತ್ತದೆ. ಪೈಠಣಿ ಸೀರೆಯ ಮಗ್ಗಗಳು ಹೆಚ್ಚಾಗಿರುವುದು ಈಗ ಈ ಊರಿನಲ್ಲಿ. ಇದೇ ಯೇವಲೆಯಲ್ಲಿ 1935ರ ಅಕ್ಟೋಬರ್ 13ರಂದು, ಕಾಳಾರಾಮನ ಬಾಗಿಲು ತೆರೆಯದೆ ಹೋದ ನಂತರ, ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಘೋಷಿಸಿದರು. ಇಪ್ಪತ್ತೊಂದು ವರ್ಷಗಳ ನಂತರ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ನಾಸಿಕ್‌ನ ಆ ಬಾಗಿಲಿಗೂ ಪಾಂಡವಲೇಣಿ, ಎಲ್ಲೋರಗಳ ಬೌದ್ಧ ಗುಹೆಗಳಿಗೂ ನಡುವೆ ಈ ಊರಿರುವುದನ್ನು ಗಮನಿಸಿದರೆ ದಾರಿಯೇ ಒಂದು ಪಾಠವಾಗುತ್ತದೆ.

ಹೆಸರು ಬದಲಾಗುತ್ತ ಬಂದ ಊರು

1610ರಲ್ಲಿ ಅಹಮದ್‌ನಗರದ ನಿಜಾಮಶಾಹಿಯ ಮಂತ್ರಿ ಮಲಿಕ್ ಅಂಬರ್ ಖಡಕಿ ಎಂಬ ಹಳ್ಳಿಯಲ್ಲಿ ಒಂದು ರಾಜಧಾನಿಯನ್ನು ಕಟ್ಟಿದ. ಆಫ್ರಿಕಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖಣಕ್ಕೆ ಬಂದು ಮೊಗಲರನ್ನು ದಶಕಗಳ ಕಾಲ ಕಾಡಿದ ಅಸಾಧಾರಣ ಮನುಷ್ಯ ಆತ. ಅವನು ಮಾಡಿಸಿದ ನೆಲದಡಿಯ ಕಾಲುವೆಗಳು ಊರಿಗೆ ನೀರು ತಂದವು. ಮುಂದೆ ಔರಂಗಜೇಬನ ಹೆಸರಿನಿಂದ ಊರು ಔರಂಗಾಬಾದ್ ಆಯಿತು. 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರ.

ಕಲಬುರಗಿ, ಬೀದರ್, ರಾಯಚೂರಿನ ಮೂಲದವರಿಗೆ ಈ ಊರು ಅಪರಿಚಿತವೆನಿಸುವುದಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇವೆಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳೇ. 1956ರ ನವೆಂಬರ್ 1ರಂದು ಅಣ್ಣತಮ್ಮಂದಿರು ಪಾಲಾದಂತೆ ಮರಾಠವಾಡಾ ಮುಂಬಯಿ ರಾಜ್ಯಕ್ಕೂ ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೂ ಬಂದವು. ಬಾಜಾರಿನ ಉರ್ದು, ಕಲ್ಲಿನ ಮನೆಗಳ ಕಮಾನು, ಸುಡುಬಿಸಿಲು ಎಲ್ಲದರಲ್ಲೂ ಕಲಬುರಗಿಯ ಚಹರೆ ಇದೆ.

ಊರೊಳಗೆ ನೋಡಬೇಕಾದವು ಎರಡು. ಬೀಬಿ ಕಾ ಮಕ್‌ಬರಾ, ಔರಂಗಜೇಬನ ಪತ್ನಿ ದಿಲ್‌ರಸ್ ಬಾನು ಬೇಗಮಳ ಗೋರಿ, 1660ರ ಆಸುಪಾಸಿನದು. ಇದಕ್ಕೆ ತಗುಲಿದ ವೆಚ್ಚ 6,68,203 ರೂಪಾಯಿ 7 ಆಣೆ ಎಂದು ಹಳೆಯ ಬರಹವೊಂದು ಹೇಳುತ್ತದೆ. ಆ ಏಳಾಣೆಯನ್ನೂ ಬಿಡದೆ ಬರೆದಿಟ್ಟ ಗುಮಾಸ್ತನಿಗೆ ನನ್ನ ನಮಸ್ಕಾರ. ತಾಜಮಹಲಿನ ನಕಲು ಎಂದು ಮೂಗು ಮುರಿಯುವುದು ವಾಡಿಕೆ. ಬೆಳಗಿನ ಹೊತ್ತು ಹಿಂದಿನ ಬೆಟ್ಟಸಾಲಿನೊಡನೆ ಸೇರಿಸಿ ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಎರಡನೆಯದು ಪನಚಕ್ಕಿ, ಕೊಳವೆಯಲ್ಲಿ ಬಂದ ನೀರಿನ ಬಲದಿಂದ ಹಿಟ್ಟು ಬೀಸುತ್ತಿದ್ದ ಗಿರಣಿ. ಅರ್ಧ ದಿನದಲ್ಲಿ ಎರಡೂ ಮುಗಿಯುತ್ತವೆ.

ಎಲ್ಲೋರ

ಊರಿನಿಂದ 30 ಕಿಲೋಮೀಟರು. ಮರಾಠಿಯಲ್ಲಿ ವೇರುಳ, ಶಾಸನಗಳಲ್ಲಿ ಏಲಾಪುರ. ಮಂಗಳವಾರ ಎಲ್ಲೋರಕ್ಕೆ ರಜೆ, ಸೋಮವಾರ ಅಜಂತಾಕ್ಕೆ ರಜೆ. ಈ ಎರಡು ವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡೇ ಟಿಕೆಟ್ ಕಾದಿರಿಸಬೇಕು. ಗುಹೆಗಳು 34: ಒಂದರಿಂದ ಹನ್ನೆರಡು ಬೌದ್ಧ, ಹದಿಮೂರರಿಂದ ಇಪ್ಪತ್ತೊಂಬತ್ತು ಶೈವ ವೈಷ್ಣವ, ಮೂವತ್ತರಿಂದ ಮೂವತ್ತನಾಲ್ಕು ಜೈನ. ಬಂದವರೆಲ್ಲ ನೇರವಾಗಿ ಹದಿನಾರನೆಯ ಗುಹೆಯಾದ ಕೈಲಾಸಕ್ಕೆ ನುಗ್ಗಿ, ಅಲ್ಲಿಯೇ ದಣಿದು, ಉಳಿದುದನ್ನು ಬಿಟ್ಟು ಹೋಗುತ್ತಾರೆ. ನನ್ನ ಸಲಹೆ ಬೇರೆ. ಬೆಳಿಗ್ಗೆ ಬೇಗ ಹೋಗಿ, ಕಿಲೋಮೀಟರಿಗೂ ಹೆಚ್ಚು ದೂರವಿರುವ ಜೈನ ಗುಹೆಗಳನ್ನು ಮೊದಲು ನೋಡಿ. ಕೈಲಾಸ ಪಶ್ಚಿಮಕ್ಕೆ ಮುಖಮಾಡಿದೆ, ಮಧ್ಯಾಹ್ನದ ನಂತರದ ಬಿಸಿಲು ಅದರ ಮುಂಭಾಗಕ್ಕೆ ಚೆನ್ನಾಗಿ ಬೀಳುತ್ತದೆ.

ಮೂವತ್ತೆರಡನೆಯ ಗುಹೆ ಇಂದ್ರಸಭಾ. ಇಲ್ಲಿ ಬಾಹುಬಲಿ ನಿಂತಿದ್ದಾನೆ. ಕೈಕಾಲುಗಳಿಗೆ ಬಳ್ಳಿ ಸುತ್ತಿದೆ, ಪಕ್ಕದಲ್ಲಿ ಅವನ ಸೋದರಿಯರು. ಶ್ರವಣಬೆಳಗೊಳದ ಗೊಮ್ಮಟನನ್ನು ಚಾವುಂಡರಾಯ ನಿಲ್ಲಿಸಿದ್ದು ಹತ್ತನೆಯ ಶತಮಾನದ ಕೊನೆಗೆ. ಎಲ್ಲೋರದ ಬಾಹುಬಲಿ ಅದಕ್ಕಿಂತ ಹಿಂದಿನವನು, ಅವನಿಗೂ ಹಿಂದಿನ ಬಾಹುಬಲಿಗಳು ಬಾದಾಮಿ, ಐಹೊಳೆಗಳ ಗುಹೆಗಳಲ್ಲಿದ್ದಾರೆ. ಬಾದಾಮಿಯಿಂದ ಎಲ್ಲೋರ, ಎಲ್ಲೋರದ ನಂತರ ಬೆಳಗೊಳ: ಒಂದು ಮೂರ್ತಿ ಮುನ್ನೂರು ವರ್ಷಗಳಲ್ಲಿ ಗೋಡೆಯನ್ನು ಬಿಟ್ಟು ಬಯಲಿಗೆ ಬಂದು ಆಕಾಶದೆತ್ತರ ಬೆಳೆದದ್ದನ್ನು ಮಕ್ಕಳಿಗೆ ಹೀಗೆ ಹೇಳಿದರೆ ಅವರು ಮರೆಯುವುದಿಲ್ಲ. ಮಾವಿನ ಮರದ ಕೆಳಗೆ ಕುಳಿತ ಅಂಬಿಕೆಯೂ ಇದೇ ಗುಹೆಯಲ್ಲಿದ್ದಾಳೆ, ನಮ್ಮ ಕಡೆಯ ಜೈನರು ಕೂಷ್ಮಾಂಡಿನಿ ಎಂದು ಕರೆಯುವವಳು. ಪಕ್ಕದ ಜಗನ್ನಾಥ ಸಭೆಯ ಕಂಬಗಳ ಮೇಲೆ ಹಳಗನ್ನಡ ಅಕ್ಷರಗಳ ಬರಹದ ಅವಶೇಷಗಳನ್ನು ಶಾಸನತಜ್ಞರು ಗುರುತಿಸಿದ್ದಾರೆ. ಮಾಸಿಹೋದವು, ಸುಲಭವಾಗಿ ಕಣ್ಣಿಗೆ ಬೀಳುವಂಥವಲ್ಲ. ಇವೆಯೆಂದು ತಿಳಿದು ಆ ಕಂಬಗಳ ನಡುವೆ ನಿಲ್ಲುವುದೇ ಬೇರೆ.

ಇನ್ನು ಕೈಲಾಸ. 753ರ ವೇಳೆಗೆ ಬಾದಾಮಿ ಚಾಲುಕ್ಯರ ಕೊನೆಯ ಅರಸು ಇಮ್ಮಡಿ ಕೀರ್ತಿವರ್ಮನನ್ನು ಮಣಿಸಿ ರಾಷ್ಟ್ರಕೂಟ ದಂತಿದುರ್ಗ ಅಧಿಕಾರ ಹಿಡಿದ. ಅವನ ಶಾಸನ ಹದಿನೈದನೆಯ ಗುಹೆಯ ಮುಂದಿನ ಮಂಟಪದಲ್ಲಿದೆ. ಅವನ ನಂತರ ಬಂದ ಚಿಕ್ಕಪ್ಪ ಒಂದನೆಯ ಕೃಷ್ಣ ಕೈಲಾಸವನ್ನು ಕಡೆಸಿದ. ಕಡೆಸಿದ ಎಂಬುದೇ ಸರಿಯಾದ ಮಾತು, ಏಕೆಂದರೆ ಇಲ್ಲಿ ಕಟ್ಟಿದ್ದು ಏನೂ ಇಲ್ಲ. ಗುಡ್ಡದ ಇಳಿಜಾರಿನಲ್ಲಿ ಮೂರು ಕಡೆ ಆಳವಾದ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಬುಡದ ಕಡೆಗೆ ಕೆತ್ತುತ್ತ ಬಂದಿದ್ದಾರೆ. ಅಂಗಳವೇ ಸುಮಾರು 82 ಮೀಟರ್ ಉದ್ದ, 46 ಮೀಟರ್ ಅಗಲ. ಕಟ್ಟುವವನು ತಪ್ಪಿದರೆ ಕಲ್ಲು ಬದಲಿಸಬಹುದು. ಇಲ್ಲಿ ಒಮ್ಮೆ ಹೋದ ಕಲ್ಲು ಹೋಯಿತು. ಏಲಾಪುರದ ಈ ಗುಡಿಯನ್ನು ಕಂಡು ದೇವತೆಗಳೇ ಬೆರಗಾದರೆಂಬ ವರ್ಣನೆ ಒಂಬತ್ತನೆಯ ಶತಮಾನದ ಆರಂಭದ ಬರೋಡಾ ತಾಮ್ರಪಟದಲ್ಲಿ ಬರುತ್ತದೆ. ಕೃಷ್ಣನ ಕೆಲಸವೆಂದು ನಮಗೆ ತಿಳಿದದ್ದು ಮುಖ್ಯವಾಗಿ ಅದರಿಂದ.

ಪಟ್ಟದಕಲ್ಲನ್ನು ನೋಡಿದ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಲಾಭವಿದೆ. ಮುಂದೆ ನಂದಿಮಂಟಪ, ಮೂರು ಕಡೆ ಮುಖಮಂಟಪಗಳುಳ್ಳ ಸಭಾಮಂಟಪ, ಹಿಂದೆ ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ: ಈ ಒಟ್ಟು ವಿನ್ಯಾಸ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ್ದೇ. ಅದನ್ನು ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಗಂಡನ ಕಂಚಿಯ ವಿಜಯದ ನೆನಪಿಗೆ ಎಂಟನೆಯ ಶತಮಾನದ ಮಧ್ಯದಲ್ಲಿ ಕಟ್ಟಿಸಿದಳು. ಅದಕ್ಕೆ ಮಾದರಿ ಕಂಚಿಯ ಕೈಲಾಸನಾಥ. ಕಂಚಿಯ ಗುಡಿ ಮಲಪ್ರಭೆಯ ದಂಡೆಗೆ ಬಂದು, ಅಲ್ಲಿಂದ ಗೋದಾವರಿಯ ನಾಡಿಗೆ ಬಂದು ಒಂದೇ ಬಂಡೆಯಾಗಿ ನಿಂತಿತು. ಪಟ್ಟದಕಲ್ಲಿನ ಶಾಸನದಲ್ಲಿ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಕೈಲಾಸದಲ್ಲಿ ಉಳಿ ಹಿಡಿದವರ ಹೆಸರು ಉಳಿದಿಲ್ಲ. ಮಲಪ್ರಭೆಯ ಕಡೆಯ ಕೈಗಳು ಇಲ್ಲಿಗೂ ಬಂದಿದ್ದವೆಂದು ವಿನ್ಯಾಸವನ್ನು ಕಂಡವರಿಗೆ ಅನ್ನಿಸದೆ ಇರದು. ಆಮೇಲೆ ಅಧಿಷ್ಠಾನವನ್ನು ಹೊತ್ತ ಆನೆಗಳ ಸಾಲನ್ನೂ, ಕೈಲಾಸವನ್ನು ಅಲುಗಿಸುವ ರಾವಣನನ್ನೂ, ಗೋಡೆಗಳ ಮೇಲೆ ಸಾಲುಸಾಲಾಗಿ ಬರುವ ರಾಮಾಯಣ ಮಹಾಭಾರತಗಳ ಕಥಾಫಲಕಗಳನ್ನೂ ಬಿಡುವಾಗಿ ನೋಡಿ. ಶಕ್ತಿಯಿದ್ದವರು ಪಕ್ಕದ ಗುಡ್ಡ ಹತ್ತಿ ಮೇಲಿನಿಂದಲೂ ನೋಡಬೇಕು. ಮೇಲಿನಿಂದ ಕೆಳಕ್ಕೆ ಕೆತ್ತಿದ್ದು ಎಂಬ ಮಾತು ಅಲ್ಲಿಂದ ಮಾತ್ರ ಅರ್ಥವಾಗುತ್ತದೆ.

ಹತ್ತಿರದಲ್ಲೇ ಅಹಲ್ಯಾಬಾಯಿ ಹೋಳ್ಕರ್ ಜೀರ್ಣೋದ್ಧಾರ ಮಾಡಿಸಿದ ಘೃಷ್ಣೇಶ್ವರ ಜ್ಯೋತಿರ್ಲಿಂಗವಿದೆ. ಗಂಡಸರು ಅಂಗಿ ಕಳಚಿಯೇ ಗರ್ಭಗುಡಿಗೆ ಹೋಗಬೇಕು. ಕರಾವಳಿಯವರಿಗೆ ಇದು ಹೊಸತಲ್ಲ.

ದೇವಗಿರಿ

ಎಲ್ಲೋರದ ದಾರಿಯಲ್ಲೇ ಸಿಗುವ ದೌಲತಾಬಾದ್ ಕೋಟೆಯನ್ನು ನಮ್ಮವರು ಹೆಚ್ಚಾಗಿ ಬಲ್ಲದ್ದು ಗಿರೀಶ ಕಾರ್ನಾಡರ 'ತುಘಲಕ್' ನಾಟಕದಿಂದ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯಿಂದ ರಾಜಧಾನಿ ತಂದದ್ದು ಈ ಗುಡ್ಡದ ಬುಡಕ್ಕೆ. ಅದಕ್ಕೂ ಮೊದಲು ಇದು ಸೇವುಣರ, ಅಂದರೆ ಯಾದವರ, ದೇವಗಿರಿ. ಐದನೆಯ ಭಿಲ್ಲಮ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಇಲ್ಲಿ ನೆಲೆಯೂರಿದ. ಹೊಯ್ಸಳ ಇಮ್ಮಡಿ ಬಲ್ಲಾಳನೊಡನೆ ಗದಗಿನ ಬಳಿಯ ಸೊರಟೂರಿನಲ್ಲಿ ಕಾದಾಡಿ ಸೋತ. ಈ ವಂಶದ ಬಹಳಷ್ಟು ಶಾಸನಗಳು ಕನ್ನಡದಲ್ಲಿವೆ. ಕೆಲವು ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಿವೆ. ಇದೇ ವಂಶದ ರಾಮಚಂದ್ರನ ಕಾಲದಲ್ಲಿ, 1290ರಲ್ಲಿ, ಜ್ಞಾನೇಶ್ವರರು ಮರಾಠಿಯ ಮಹಾಗ್ರಂಥವನ್ನು ರಚಿಸಿದರು. ಸೇವುಣರು ಕನ್ನಡಿಗರೋ ಮರಾಠಿಗರೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಎರಡು ಭಾಷೆಗಳನ್ನೂ ಬಳಸಿದ ಮನೆತನ ಎಂದರೆ ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಅರ್ಥವಾಗಲು ಕಷ್ಟವಿಲ್ಲ. ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಬರೆದ 'ಸಂಗೀತ ರತ್ನಾಕರ'ವನ್ನು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಯವರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ.

ಕೋಟೆ ಹತ್ತಲು ಎರಡು ಗಂಟೆಯಾದರೂ ಬೇಕು. ನಡುವಿನ ಕತ್ತಲ ಸುರಂಗದಲ್ಲಿ ಬಾವಲಿಗಳಿವೆ; ಬ್ಯಾಟರಿ ದೀಪ ಇಟ್ಟುಕೊಂಡಿರಿ. ಮೊಣಕಾಲು ನೋವಿನವರು ಬಹಮನಿ ಕಾಲದ ಚಾಂದ್ ಮಿನಾರ್‌ವರೆಗೆ ಹೋಗಿ ನಿಂತರೂ ಕೋಟೆಯ ದರ್ಶನವಾದಂತೆಯೇ.

ಮುಂದಿನ ಖುಲ್ದಾಬಾದ್ ಸೂಫಿ ಸಂತರ ಊರು. ಔರಂಗಜೇಬನ ಸಾದಾ ಗೋರಿ ಇರುವುದೂ ಇಲ್ಲೇ. ಕಲಬುರಗಿಯವರಿಗೆ ಇಲ್ಲಿ ಇನ್ನೊಂದು ನಂಟಿದೆ: ಬಂದೇನವಾಜರು ಬಾಲ್ಯದಲ್ಲಿ ತಂದೆಯ ಜೊತೆ ದಿಲ್ಲಿಯಿಂದ ದೌಲತಾಬಾದಿಗೆ ಬಂದಿದ್ದರು, ಆ ತಂದೆಯ ಸಮಾಧಿ ಖುಲ್ದಾಬಾದಿನಲ್ಲಿದೆ.

ಊಟ, ಮತ್ತು ಪೈಠಣದ ದಾರಿ

ಮರಾಠವಾಡಾದ ಊಟ ಉತ್ತರ ಕರ್ನಾಟಕದವರಿಗೆ ಮನೆಯೂಟ. ಜೋಳದ ಭಾಕರಿ ನಮ್ಮ ಜೋಳದ ರೊಟ್ಟಿಯ ಅಕ್ಕ. ಝುಣಕಾ ನಮ್ಮ ಜುಣಕ. ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಠೇಚಾ, ಶೇಂಗಾ ಚಟ್ನಿ ಯಾವುದೂ ಪರಕೀಯವಲ್ಲ. ಕೋಟೆಯ ಸುತ್ತಮುತ್ತಲ ಸಣ್ಣ ಖಾನಾವಳಿಗಳಲ್ಲಿ ಬಿಸಿ ಭಾಕರಿ ಪಿಠಲೆ ಕೇಳಿ ತಿನ್ನಿ. ಮಳೆಗಾಲ ಮುಗಿಯುತ್ತಿದ್ದಂತೆ ರಸ್ತೆಬದಿಯಲ್ಲಿ ಬುಟ್ಟಿಗಟ್ಟಲೆ ಸೀತಾಫಲ. ಮಾಂಸಾಹಾರಿಗಳಿಗೆ ಈ ಊರಿನ ಹೆಸರುವಾಸಿ ತಿನಿಸು ನಾನ್ ಖಲಿಯಾ: ತಂದೂರಿನಲ್ಲಿ ಬೆಂದ ದಪ್ಪ ನಾನ್, ಜೊತೆಗೆ ಮಸಾಲೆಯ ಮಾಂಸದ ಸಾರು. ತುಘಲಕನ ಸೈನ್ಯದೊಡನೆ ಬಂದದ್ದು ಎಂಬ ಹೇಳಿಕೆಯಿದೆ. ಅಕ್ಕಿಯೂಟವಿಲ್ಲದೆ ಆಗದ ಹಿರಿಯರಿದ್ದರೆ ಚಿಂತೆ ಬೇಡ, ಎರಡೂ ಊರುಗಳಲ್ಲಿ ಉಡುಪಿ ಹೋಟೆಲುಗಳಿವೆ. ಗಲ್ಲೆಯಲ್ಲಿ ಕುಳಿತವರೊಡನೆ ತುಳುವಿನಲ್ಲೋ ಕನ್ನಡದಲ್ಲೋ ಮಾತು ತೆಗೆದು ನೋಡಿ.

ಗುರುವಾರ ಹೊರಟು ಅಂದು ಪಂಚವಟಿ ಮತ್ತು ಪಾಂಡವಲೇಣಿ, ಶುಕ್ರವಾರ ತ್ರ್ಯಂಬಕ ಮತ್ತು ಸಿನ್ನರ್, ಶನಿವಾರ ಎಲ್ಲೋರ, ಭಾನುವಾರ ದೇವಗಿರಿ ಮತ್ತು ಊರು. ಹೀಗೆ ಮಾಡಿದರೆ ರಜೆಯ ವಾರಗಳ ತೊಡಕಿಲ್ಲ, ಭಾನುವಾರ ರಾತ್ರಿಯ ರೈಲಿಗೆ ಮುಂಬಯಿಗೂ ಮರಳಬಹುದು. ಅಜಂತಾಕ್ಕೆ ನೂರು ಕಿಲೋಮೀಟರು ಹೋಗಬೇಕು. ಅದಕ್ಕೆ ಇನ್ನೊಂದು ಇಡೀ ದಿನ ಬೇಕು, ಅವಸರದಲ್ಲಿ ನೋಡುವುದಕ್ಕಿಂತ ಮತ್ತೊಂದು ಸಲಕ್ಕೆ ಇಟ್ಟುಕೊಳ್ಳುವುದೇ ಲೇಸು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಮೇ ತಿಂಗಳ ಶಾಲಾ ರಜೆಯಲ್ಲಿ ಹೋದರೆ ಎಲ್ಲೋರದ ಕಲ್ಲು ಕೆಂಡವಾಗಿರುತ್ತದೆ.

ಐದನೆಯ ದಿನ ಉಳಿದವರು 50 ಕಿಲೋಮೀಟರು ದಕ್ಷಿಣಕ್ಕೆ ಪೈಠಣಕ್ಕೆ ಹೋಗಬಹುದು. ಅದು ಶಾತವಾಹನರ ಪ್ರತಿಷ್ಠಾನ, ಸಂತ ಏಕನಾಥರ ಊರು. ತ್ರ್ಯಂಬಕದಲ್ಲಿ ಬೊಗಸೆಯಷ್ಟಿದ್ದ ಗೋದಾವರಿ ಇಲ್ಲಿ ಜಾಯಕವಾಡಿ ಅಣೆಕಟ್ಟಿನ ಹಿಂದೆ ಸಮುದ್ರದಂತೆ ಹರಡಿಕೊಂಡಿದೆ. ಸೀರೆಗೆ ಹೆಸರು ಬಂದದ್ದೂ ಈ ಊರಿನಿಂದಲೇ. ಮದುವೆಗೆಂದು ಪೈಠಣಿ ಕೊಳ್ಳುವವರು ಇಲ್ಲಾಗಲಿ ಯೇವಲೆಯಲ್ಲಾಗಲಿ ಸೆರಗನ್ನು ಮಗುಚಿ ನೋಡಬೇಕು. ಕೈಮಗ್ಗದ ನಿಜವಾದ ಪೈಠಣಿಯಲ್ಲಿ ನವಿಲೂ ಕಮಲವೂ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಹಿಂಬದಿಯಲ್ಲಿ ಬಿಡಿ ಎಳೆಗಳು ಅಡ್ಡಾದಿಡ್ಡಿ ಓಡಿದ್ದರೆ ಅದು ಯಂತ್ರದ ನೇಯ್ಗೆ, ಅದಕ್ಕೆ ಕೈಮಗ್ಗದ ಬೆಲೆ ಕೊಡಬೇಕಾಗಿಲ್ಲ.